ಪಿಂಗಾಣಿ ಲೋಟದ ಮೇಲಿನ ನೌಕಾಮಂತ್ರಿ



ನಮ್ಮ ವಾಚನಾಲಯದ ಮೇಜಿನ ಮೇಲೆ ಪೆನ್ನು-ಪೆನ್ಸಿಲು ಇಡಲು ಹಿಡಿ ಮುರಿದ ಪಿಂಗಾಣಿ ಲೋಟವೊಂದಿದೆ. ಯಾರೋ ಬಿಸಾಡಿದ್ದನ್ನು ನಾನೇ ತಂದಿಟ್ಟದ್ದು. ಅದರ ಮೇಲೆ ಹಡಗಿನಲ್ಲಿ ನಿಂತ ಮೂವರ ಚಿತ್ರವಿದೆ: ಒಬ್ಬ ನಾವಿಕ, ಒಬ್ಬ ತರುಣಿ, ಜರಿ ಕೋಟು ತೊಟ್ಟ ಒಬ್ಬ ದೊಡ್ಡ ಮನುಷ್ಯ. ಕೆಳಗೆ ಇಂಗ್ಲಿಷಿನಲ್ಲಿ ‘ಎಚ್. ಎಂ. ಎಸ್. ಪಿನಾಫೋರ್’ ಎಂದಿದೆ. ಹಗಲು ಆಫೀಸೊಂದರಲ್ಲಿ ಕಸ ಗುಡಿಸಿ, ಸಂಜೆ ಇಲ್ಲಿ ಕುಳಿತು ಪರೀಕ್ಷೆಗೆ ಓದುವ ಹುಡುಗನೊಬ್ಬ ಕಳೆದ ತಿಂಗಳು ಕೇಳಿದ: “ಅಣ್ಣಾ, ಈ ಜರಿ ಕೋಟಿನವರು ಯಾರು?” “ಯಾರೋ ದೊರೆ ಇರಬೇಕಪ್ಪಾ” ಎಂದು ಹಾರಿಸಿಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಹುಡುಕಿ ಓದಿದೆ. ಓದಿ ತಿಳಿದದ್ದೇ ಈ ತಿಂಗಳ ಪಾಠ.

೧. ನಾಟಕ

‘ಪಿನಾಫೋರ್’ ಒಂದು ಹಾಡಿನ ಹಾಸ್ಯನಾಟಕ. ನಮ್ಮ ಕಂಪನಿ ನಾಟಕಗಳಂತೆ ಮಾತಿನ ನಡುವೆ ಹಾಡು ಬರುತ್ತದೆ. ಮಾತು ಮತ್ತು ಪದ್ಯ ಗಿಲ್ಬರ್ಟನದು, ಸಂಗೀತ ಸಲಿವನ್ನನದು. ೧೮೭೮ನೆಯ ಇಸವಿ ಮೇ ೨೫ರಂದು ಲಂಡನ್ನಿನಲ್ಲಿ ಮೊದಲ ಪ್ರಯೋಗವಾಯಿತು. ಆ ಸಲ ೫೭೧ ಪ್ರಯೋಗಗಳು ನಡೆದವು. ಪಿನಾಫೋರ್ ಎಂದರೆ ಮಕ್ಕಳು ಅಂಗಿಯ ಮೇಲೆ ಕಟ್ಟಿಕೊಳ್ಳುವ ಮುಂಬಟ್ಟೆ. ಯುದ್ಧದ ಹಡಗಿಗೆ ಆ ಹೆಸರಿಟ್ಟಲ್ಲಿಂದಲೇ ನಗೆ ಆರಂಭ!

ಕಥೆ ಇಷ್ಟು. ಹಡಗಿನ ಕ್ಯಾಪ್ಟನ್ನನ ಮಗಳು ಜೋಸೆಫಿನ್. ಆಕೆಗೆ ರಾಲ್ಫ್ ಎಂಬ ಬಡ ನಾವಿಕನ ಮೇಲೆ ಪ್ರೀತಿ. ಆದರೆ ನೌಕಾಮಂತ್ರಿ ಸರ್ ಜೋಸೆಫ್ ಪೋರ್ಟರ್ ಅವಳನ್ನು ವರಿಸಬೇಕೆಂದಿದ್ದಾನೆ. ಜರಿ ಕೋಟಿನವನು ಇವನೇ. ಇವನು ಚಿಕ್ಕಂದಿನಲ್ಲಿ ವಕೀಲರ ಆಫೀಸಿನಲ್ಲಿ ಹುಡುಗನಾಗಿದ್ದ; ನೆಲ ಗುಡಿಸಿದ, ಬಾಗಿಲ ಹಿಡಿಕೆ ತಿಕ್ಕಿ ಹೊಳೆಯಿಸಿದ. ಬಳಿಕ ಗುಮಾಸ್ತನಾಗಿ ಕಾಗದ ನಕಲು ಮಾಡಿದ, ಮುಂದೆ ಪಾಲುದಾರನಾದ. ಕೊನೆಗೆ ಪಾರ್ಲಿಮೆಂಟು ಸೇರಿ, ಪಕ್ಷ ಹೇಳಿದಂತೆ ಕೈಯೆತ್ತಿ ಮಂತ್ರಿಯಾದ. ಆದರೆ ಹಡಗಿನ ಕೆಲಸ ಅವನಿಗೆ ಎಳ್ಳಷ್ಟೂ ತಿಳಿಯದು! ಪುಸ್ತಕ-ಪತ್ರಿಕೆ ವ್ಯಾಪಾರದ ಡಬ್ಲ್ಯು. ಎಚ್. ಸ್ಮಿತ್ ೧೮೭೭ರಲ್ಲಿ ಇಂಗ್ಲೆಂಡಿನ ನೌಕಾಮಂತ್ರಿಯಾಗಿದ್ದನು. ಜನ ಕೂಡಲೇ ಸುಳಿವು ಹಿಡಿದು ನಕ್ಕರು.

ಈ ಮಂತ್ರಿ ಜೋಸೆಫಿನ್‌ಳಿಗೆ “ಪ್ರೀತಿಗೆ ಮೇಲು-ಕೀಳಿಲ್ಲ” ಎಂದು ಉಪದೇಶಿಸುತ್ತಾನೆ. ತನ್ನನ್ನು ಒಪ್ಪಲಿ ಎಂದು ಹೇಳಿದ ಮಾತು. ಆಕೆ ಅದನ್ನು ರಾಲ್ಫನಿಗೆ ಅನ್ವಯಿಸಿಕೊಳ್ಳುತ್ತಾಳೆ. ಕೊನೆಗೆ ಒಬ್ಬ ದಾದಿ ಗುಟ್ಟು ಬಿಚ್ಚುತ್ತಾಳೆ: ಶಿಶುಗಳಾಗಿದ್ದಾಗ ರಾಲ್ಫನೂ ಕ್ಯಾಪ್ಟನ್ನನೂ ಅದಲುಬದಲಾದವರು! ಮರುಕ್ಷಣವೇ ನಾವಿಕ ಕ್ಯಾಪ್ಟನ್ನನಾಗುತ್ತಾನೆ, ಕ್ಯಾಪ್ಟನ್ ನಾವಿಕನಾಗುತ್ತಾನೆ. ಇಬ್ಬರ ವಯಸ್ಸು ಹೇಗೆ ಸರಿಹೋಯಿತೆಂದು ಯಾರೂ ಕೇಳುವುದಿಲ್ಲ. ಜೋಸೆಫಿನ್ ಈಗ ಬರಿಯ ನಾವಿಕನ ಮಗಳು. ಮೇಲು-ಕೀಳಿಲ್ಲವೆಂದ ಮಂತ್ರಿ ಅವಳನ್ನು ಒಲ್ಲೆನೆನ್ನುತ್ತಾನೆ. ಆಕೆ ರಾಲ್ಫನ ಕೈಹಿಡಿಯುತ್ತಾಳೆ.

೨. ಚಿತ್ರ

ಪಿಂಗಾಣಿಯ ಮೇಲೆ ಅಚ್ಚಿನ ಚಿತ್ರ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ೧೭೫೬ರಲ್ಲಿ ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ ಎಂಬಿಬ್ಬರು ಆರು ಗಂಟೆಗಳಲ್ಲಿ ೧೨೦೦ಕ್ಕೂ ಮೇಲ್ಪಟ್ಟು ಬಿಲ್ಲೆಗಳಿಗೆ ಅಚ್ಚೊತ್ತಿದೆವೆಂದು ಪ್ರಮಾಣ ಮಾಡಿ ಹೇಳಿದರು. ಕ್ರಮ ಹೀಗೆ: ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಗೆರೆಗಳಲ್ಲಿ ಬಣ್ಣ ತುಂಬಿ, ತೆಳು ಕಾಗದಕ್ಕೆ ಒತ್ತುವರು. ಆ ಕಾಗದವನ್ನು ಒಮ್ಮೆ ಸುಟ್ಟ ಪಾತ್ರೆಗೆ ಅಂಟಿಸಿ ಉಜ್ಜಿ, ನೀರಿನಿಂದ ಕಾಗದ ತೆಗೆಯುವರು. ಮೇಲೆ ಗಾಜಿನಂಥ ಹೊಳಪು ಲೇಪಿಸಿ ಮತ್ತೆ ಸುಡುವರು. ಚಿತ್ರ ಕಾಗದದಲ್ಲಿ ಒಮ್ಮೆ, ಪಾತ್ರೆಯಲ್ಲಿ ಇನ್ನೊಮ್ಮೆ ತಿರುಗುವುದರಿಂದ ತಗಡಿನಲ್ಲಿ ಅಕ್ಷರಗಳನ್ನು ನೆಟ್ಟಗೇ ಕೊರೆಯಬೇಕು. ೧೭೮೩ರಲ್ಲಿ ಬಟ್ಟೆಯ ಅಚ್ಚಿಗೂ ಕೊರೆದ ತಾಮ್ರದ ಉರುಳೆ ಬಂತು. ಗಿರಣಿಯವರಾದ ನಮಗೆ ಇದು ನೆಂಟರ ಮನೆಯ ಕಸುಬು.

ಇಂದಿನ ಅಗ್ಗದ ಲೋಟಗಳ ರೀತಿ ಬೇರೆ. ಲೋಟಕ್ಕೆ ಪಾಲಿಯೆಸ್ಟರ್ ಲೇಪವಿರುತ್ತದೆ. ಚಿತ್ರದ ಕಾಗದ ಸುತ್ತಿ ಸುಮಾರು ೧೮೦ರಿಂದ ೨೦೦ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಕೆಲವು ನಿಮಿಷ ಒತ್ತಿದರೆ ಬಣ್ಣ ಲೇಪದೊಳಗೆ ಇಳಿಯುತ್ತದೆ. ಆ ಲೇಪ ಗೀಚಿದರೆ ಚಿತ್ರವೂ ಹೋಯಿತು.

೩. ಹಕ್ಕು

ಆಗ ಅಮೆರಿಕಕ್ಕೂ ಇಂಗ್ಲೆಂಡಿಗೂ ಕೃತಿಸ್ವಾಮ್ಯದ ಒಪ್ಪಂದವಿರಲಿಲ್ಲ. ಅಲ್ಲಿನ ಕಂಪನಿಗಳು ಕಾಸು ಕೊಡದೆ ‘ಪಿನಾಫೋರ್’ ಆಡಿ ಹಣ ಮಾಡಿಕೊಂಡವು. ಬೇಸತ್ತ ಕರ್ತೃಗಳು ೧೮೭೯ರ ಕೊನೆಗೆ ತಾವೇ ನ್ಯೂಯಾರ್ಕಿಗೆ ಹೋಗಿ, ಅದನ್ನು ಆಡಿಸಿ, ಮುಂದಿನ ಹೊಸ ನಾಟಕವನ್ನೂ ಅಲ್ಲೇ ತೆರೆದರು. ವಿದೇಶಿ ಲೇಖಕರಿಗೆ ಅಮೆರಿಕದ ಕಾನೂನು ರಕ್ಷಣೆ ಕೊಟ್ಟದ್ದು ೧೮೯೧ರಲ್ಲಿ. ಗಿಲ್ಬರ್ಟ್ ತೀರಿಕೊಂಡದ್ದು ೧೯೧೧ರಲ್ಲಿ. ಇಂಗ್ಲೆಂಡಿನಲ್ಲಿ ಅವನ ಹಕ್ಕು ೧೯೬೧ರ ಕೊನೆಗೆ ಮುಗಿಯಿತು. ಈಗ ನಾಟಕ ಎಲ್ಲರ ಸೊತ್ತು. ನಮ್ಮ ದೇಶದಲ್ಲಿ ಲೇಖಕನ ಹಕ್ಕು ಅವನ ಮರಣಾನಂತರ ೬೦ ವರ್ಷ ಇರುತ್ತದೆ.

೪. ಸಾರ

ಪಾಠವನ್ನು ಮೊದಲು ಆ ಹುಡುಗನಿಗೇ ಓದಿ ಹೇಳಿದೆ. ಕೇಳಿ ಅವನ ಮುಖ ಬಾಡಿತು. “ಕಸ ಗುಡಿಸಿ ಮೇಲೆ ಬಂದವನನ್ನು ನೋಡಿ ನಕ್ಕರೇ, ಅಣ್ಣಾ?” ಎಂದ. ಇಲ್ಲಪ್ಪಾ, ಕಸ ಗುಡಿಸಿದ್ದಕ್ಕಲ್ಲ. ಪೀಠ ಹತ್ತಿದರೂ ಅದರ ಕೆಲಸ ಕಲಿಯಲಿಲ್ಲವಲ್ಲ, ಅದಕ್ಕೆ. ಸಮಾನತೆ ಬಾಯಲ್ಲಿತ್ತು, ನಡತೆಯಲ್ಲಿರಲಿಲ್ಲವಲ್ಲ, ಅದಕ್ಕೆ. ನೀನು ಪರೀಕ್ಷೆಗೆ ಓದು. ಕುರ್ಚಿ ಸಿಕ್ಕ ಮೇಲೂ ಓದು. ನಾಳೆ ನಿನ್ನ ಆಫೀಸಿನಲ್ಲಿ ಗುಡಿಸುವ ಹುಡುಗನನ್ನು ಹೆಸರು ಹಿಡಿದು ಕರೆ. ಆಗ ನಿನ್ನನ್ನು ನೋಡಿ ಯಾರೂ ನಗಲಾರರು.

ಮನನಕ್ಕೆ: (ಅ) ಅದಲುಬದಲಾದ ಇಬ್ಬರಲ್ಲಿ ನಿಜವಾಗಿ ಬದಲಾದದ್ದು ಏನು? (ಆ) ತಗಡಿನಲ್ಲಿ ಅಕ್ಷರ ನೆಟ್ಟಗಿರಬೇಕೇಕೆ? ಉತ್ತರ ಬರೆದು ಮೇಜಿನ ಮೇಲಿನ ಅದೇ ಲೋಟದಲ್ಲಿ ಹಾಕಿರಿ.