ಕರಾವಿನ ದಿನ ಕಳೆದಂತೆ ಹಾಲು ಬದಲಾಗುವ ಬಗೆ

ಹಸು ಹೆಚ್ಚು ಹಾಲು ಕರೆಯುವ ಕಾಲದಲ್ಲೇ ಸಂಘದಲ್ಲಿ ಜಿಡ್ಡಿನಂಶ ಕಡಿಮೆ ಬರುವುದುಂಟು. ನೀರು ಬೆರೆಸಿದ್ದಾರೆಂಬ ಶಂಕೆಗೂ ಎಡೆಯಾಗುತ್ತದೆ. ಇದು ಬಹುಮಟ್ಟಿಗೆ ಹಸುವಿನ ಸಹಜ ಗುಣವೆಂಬುದನ್ನು ಹಾಲು ಹಾಕುವವರೂ ಅಳೆದುಕೊಳ್ಳುವವರೂ ಅರಿತಿರಬೇಕು.

ಕರು ಹಾಕಿದೊಡನೆ ಬರುವ ಗಿಣ್ಣುಹಾಲಿನಲ್ಲಿ ಸಸಾರಜನಕ ಸಾಧಾರಣ ಹಾಲಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು, ಸಕ್ಕರೆ ಕಡಿಮೆ. ಇದರಲ್ಲಿನ ರೋಗನಿರೋಧಕ ವಸ್ತುಗಳನ್ನು ಕರುವಿನ ಕರುಳು ಸುಮಾರು ಮೊದಲ 24 ಗಂಟೆ ಮಾತ್ರ ಹೀರಬಲ್ಲದು. ಆದುದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಿರಿ. ಗಿಣ್ಣು ಕಾಯಿಸುವ ಆಸೆ ಏನಿದ್ದರೂ ಕರುವಿನ ಹೊಟ್ಟೆ ತುಂಬಿದ ಮೇಲೆ. ಗಿಣ್ಣುಹಾಲನ್ನು ಸಂಘಕ್ಕೆ ಹಾಕಬಾರದು.

ಆರರಿಂದ ಎಂಟನೆಯ ವಾರದ ಸುಮಾರಿಗೆ ಇಳುವರಿ ಗರಿಷ್ಠ ಮಟ್ಟ ಮುಟ್ಟಿದರೆ, ಜಿಡ್ಡು, ಸಸಾರಜನಕಗಳ ಶೇಕಡಾ ಪ್ರಮಾಣ ತಳಮಟ್ಟಕ್ಕೆ ಬರುತ್ತದೆ. ಹಾಲು ತಗ್ಗಿದಂತೆ ಅವು ಮತ್ತೆ ಏರುತ್ತವೆ. ಶೇಕಡಾ ಅಂಕಿಯೊಂದನ್ನೇ ನೋಡಿ ಹಸುವನ್ನು ಹಳಿಯಬೇಡಿ. ಶೇ. 3.5 ಜಿಡ್ಡಿನ 12 ಕಿಲೋ ಹಾಲಿನಲ್ಲಿ 420 ಗ್ರಾಂ ಜಿಡ್ಡಿದೆ, ಶೇ. 4.5ರ 6 ಕಿಲೋದಲ್ಲಿ 270 ಗ್ರಾಂ ಮಾತ್ರ.

ಕರೆಯುವ ಕ್ರಮವೂ ಮುಖ್ಯ. ಮೊದಲ ಧಾರೆಗಳು ತೆಳು, ಕೊನೆಯವು ಗಟ್ಟಿ. ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ಜಿಡ್ಡೂ ಅದರ ಪಾಲಿಗೆ! ಕರುವಿನ ಪಾಲನ್ನು ಮೊದಲೇ ಕುಡಿಸಿ, ಕೆಚ್ಚಲನ್ನು ಪೂರ್ತಿ ಕರೆಯಿರಿ. ಹಿಂಡಿ ಹೆಚ್ಚಿಸಿ ಹುಲ್ಲು ತೀರ ತಗ್ಗಿಸಿದರೂ ಜಿಡ್ಡು ಇಳಿಯುತ್ತದೆ.

ಹಸು ಬತ್ತುವ ಮುನ್ನ ಸಕ್ಕರೆ ತಗ್ಗಿ ಲವಣ ಏರುವುದರಿಂದ ಹಾಲು ತುಸು ಉಪ್ಪಾಗುವುದು ಸಹಜ. ಕರಾವಿನ ನಡುವೆ, ಅದರಲ್ಲೂ ಒಂದೇ ಮೊಲೆಯ ಹಾಲು ಉಪ್ಪಾದರೆ ಕೆಚ್ಚಲು ಬಾವೆಂದು ಶಂಕಿಸಿ ಪಶುವೈದ್ಯರಿಗೆ ತೋರಿಸಿರಿ.