ಗಿಡ ಮುರಿಯದಿರಲಿ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ನಾಣ್ಣುಡಿಯನ್ನು ಬೆತ್ತಕ್ಕೆ ಸಮರ್ಥನೆಯಾಗಿ ಬಳಸುವುದನ್ನು ನಾನು ಒಪ್ಪಲಾರೆ. ಬಾಲ್ಯದ ಹಿಂಸೆ, ಅವಮಾನಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಆತ್ಮಹತ್ಯಾ ಪ್ರಯತ್ನಗಳ ಸಂಭವವೂ ಹೆಚ್ಚುವುದೆಂದು ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಮೊದಲಾದವರು 1998ರಲ್ಲಿ ತೋರಿಸಿದರು. ಸದಾ ಭಯದಲ್ಲಿ ಬೆಳೆದ ಮಗುವಿನ ಮಿದುಳು ಅಪಾಯ ಕಳೆದ ಮೇಲೂ ಕಾವಲು ಬಿಡದು. ಇಪ್ಪತ್ತರ ತರುಣನ ಸಿಡುಕು, ನಿದ್ರಾಹೀನತೆ, ಅಪನಂಬಿಕೆಗಳ ಬೇರು ಅಲ್ಲಿರಬಹುದು.

ಗೋವಾ ಮಕ್ಕಳ ಕಾಯಿದೆಯು 2003ರಲ್ಲೇ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಮನೆಯ ಹೊಸ್ತಿಲೊಳಗೆ ನಮ್ಮ ವಿವೇಕ ತಲುಪಬೇಕು. ದುಡಿಮೆಗಾಗಿ ಇಲ್ಲಿಗೆ ಬಂದ ಅನೇಕ ಕನ್ನಡ ಕುಟುಂಬಗಳ ಅಜ್ಜ-ಅಜ್ಜಿಯರು ಊರಿನಲ್ಲೇ ಉಳಿದರು. ಪೆಟ್ಟು ತಿಂದ ಮಗುವಿಗೆ ಅವಿತುಕೊಳ್ಳಲು ಮಡಿಲಿಲ್ಲ. ನೊಂದ ತರುಣರಿಗೆ 14416 ಟೆಲಿ-ಮಾನಸ್ ದೂರವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಎಳೆಯರಿಗೆ ನಂಬುಗೆಯ ಒಬ್ಬ ಹಿರಿಯರಿದ್ದರೂ ಗಾಯ ಮಾಯಲು ಆಧಾರ ದೊರೆತಂತೆ. ಆ ಹಿರಿಯರು ನಾವಾಗೋಣ.