ಬೆಕ್ಕಿಗೆ ಸ್ಟೀರಾಯ್ಡ್: ಸಕ್ಕರೆ ಕಾಯಿಲೆಯ ಭಯವೇ?

ಪ್ರಶ್ನೆ: ನಮ್ಮ ಹತ್ತು ವರ್ಷದ, 5 ಕಿಲೋ ತೂಕದ ಗಂಡು ಬೆಕ್ಕಿಗೆ ಆಸ್ತಮಾ. ಎರಡು ತಿಂಗಳಿಂದ ಪ್ರೆಡ್ನಿಸೊಲೋನ್ ಮಾತ್ರೆ ಕೊಡುತ್ತಿದ್ದೇವೆ. ಈಗ ನೀರು ಜಾಸ್ತಿ ಕುಡಿಯುತ್ತಿದೆ. ಮಾತ್ರೆ ನಿಲ್ಲಿಸಲೇ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಇಷ್ಟು ದಿನ ಮಾತ್ರೆ ಪಡೆದ ದೇಹ ತನ್ನದೇ ಕಾರ್ಟಿಸಾಲ್ ತಯಾರಿಕೆಯನ್ನು ತಗ್ಗಿಸಿಕೊಂಡಿರುತ್ತದೆ. ಡೋಸ್ ಹಂತಹಂತವಾಗಿ ಇಳಿಯಬೇಕು. ಆದರೆ ತಡಮಾಡದೆ ಒಂದೆರಡು ದಿನದಲ್ಲೇ ವೈದ್ಯರಿಗೆ ತೋರಿಸಿ.

ಸ್ಟೀರಾಯ್ಡ್ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ. ವಯಸ್ಸಾದ, ದಪ್ಪಗಿರುವ ಗಂಡು ಬೆಕ್ಕುಗಳಿಗೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ಬೆಳಿಗ್ಗೆ ನೀರನ್ನು ಅಳೆದು ಬಟ್ಟಲಿಗೆ ಹಾಕಿ, ಮರುದಿನ ಉಳಿದದ್ದನ್ನು ಅಳೆಯಿರಿ. ದಿನಕ್ಕೆ 250 ಮಿ.ಲೀ. ದಾಟಿದರೆ ಅನುಮಾನಿಸಲೇಬೇಕು. ಟ್ರೇಯಲ್ಲಿ ಮೂತ್ರದ ಉಂಡೆಗಳು ದೊಡ್ಡದಾಗುವುದು, ಚೆನ್ನಾಗಿ ತಿಂದರೂ ತೂಕ ಇಳಿಯುವುದು, ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುವುದು ಕೂಡ ಲಕ್ಷಣಗಳೇ.

ಕ್ಲಿನಿಕ್‌ನ ಗಾಬರಿಗೇ ಬೆಕ್ಕಿನ ಸಕ್ಕರೆ ಏರುತ್ತದೆ. ಆದ್ದರಿಂದ ಮೂತ್ರ ಪರೀಕ್ಷೆಯ ಜೊತೆಗೆ, ಆ ಕ್ಷಣದ ಬದಲು ಹಿಂದಿನ ಕೆಲವು ದಿನಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಫ್ರಕ್ಟೋಸಮೈನ್ ರಕ್ತಪರೀಕ್ಷೆಯನ್ನೂ ಕೇಳಿ. ಮಾತ್ರೆಯ ಬದಲು ಮಾಸ್ಕ್ ಇರುವ ಸ್ಪೇಸರ್ ಮೂಲಕ ಇನ್‌ಹೇಲರ್ ಕೊಡಬಹುದೇ ಎಂದೂ ವಿಚಾರಿಸಿ. ವಾರಗಟ್ಟಲೆ ದೇಹದಲ್ಲೇ ಉಳಿಯುವ ಸ್ಟೀರಾಯ್ಡ್ ಇಂಜೆಕ್ಷನ್ ಸದ್ಯಕ್ಕೆ ಬೇಡ.

ವಾಂತಿ, ಊಟ ಬಿಡುವುದು, ಮಂಕು ಕಂಡರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಸಕ್ಕರೆ ಕಾಯಿಲೆಯೇ ಆಗಿದ್ದರೂ ಧೈರ್ಯಗೆಡಬೇಡಿ: ಬೇಗ ಇನ್ಸುಲಿನ್ ಆರಂಭಿಸಿ, ಸ್ಟೀರಾಯ್ಡ್ ಇಳಿಸಿದರೆ ಎಷ್ಟೋ ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಕಾಗುವುದೇ ಇಲ್ಲ.